ಪಿನ್ನಿಗೆ ತಾಗಿದ ಬೆರಳು

ಅಂಗಡಿಯ ಝಹೀರ್ ಕೇಬಲಿನ ಒಂದು ತುದಿಯನ್ನು ಅಲ್ಲಿದ್ದ ಸಬ್‌ವೂಫರ್ ಎಂಬ ಸ್ಪೀಕರ್ ಡಬ್ಬಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಪಿನ್ನಿಗೆ ತೋರುಬೆರಳು ತಾಗಿಸಿದ. ಡಬ್ಬಿ ಗುಂಯ್ ಎಂದಿತು. ಬೆರಳು ತೆಗೆದ, ಸುಮ್ಮನಾಯಿತು. ಅಂಗಡಿಯ ಹೊರಗೆ ಸೂಪರ್ ಮಾರ್ಕೆಟ್ ಪೇಟೆಯ ಆಟೋಗಳು ಬಾಯಿ ಹರಿದುಕೊಳ್ಳುತ್ತಿದ್ದರೂ ಆ ದನಿ ಕಪಿಲನ ಎದೆಗೇ ಬಂದು ಬಡಿಯಿತು. ಕಮಲಾಪುರದ ಅವನ ಮನೆಯಲ್ಲಿ ದಿನಾ ಸಂಜೆ ಏಳುವುದು ಇದೇ ದನಿ.

"ನೋಡ್ರಿ ಕಪಿಲಣ್ಣ, ಪಿನ್ನಿಗಿ ಜೀವ ಇದ್ದ ಮೈ ತಾಗಿದ್ರ ಗುಂಯ್ ಅಂತದ, ಬಿಟ್ರ ಸುಮ್ಮನಾಗ್ತದ. ನಾವು ಕೇಬಲ್ ಚೆಕ್ ಮಾಡೋದೇ ಹಿಂಗ."

"ನಮ್ಮ ಮನ್ಯಾಗ ಅದನ್ನ ಯಾರೂ ಮುಟ್ಟಲ್ರಿ, ಆದ್ರೂ ಗುಂಯ್ ಅಂತದ," ಎಂದ ಕಪಿಲ.

ಝಹೀರ್ ನಕ್ಕ. ಕಪಿಲ ತಂದಿದ್ದ ಹಳೇ ಕೇಬಲನ್ನು ಬಗ್ಗಿಸಿ ತೋರಿಸಿದ. ಮೇಲಿನ ರಬ್ಬರು ಸೀಳಿ, ಒಳಗಿನ ತಂತಿಜಾಲರಿ ಹರಿದಿತ್ತು. ಪಕ್ಕದಲ್ಲೇ ಫ್ಯಾನಿನ ವೈರು ಹೋಗಿರಬೇಕು, ಅದರ ಗುಂಯ್‌ಗುಡುವಿಕೆಯನ್ನು ಇದು ಎಳೆದುಕೊಳ್ಳುತ್ತಿದೆ, ದೆವ್ವಗಿವ್ವ ಏನಿಲ್ಲ ಎಂದ. ಕಪಿಲ ದೆವ್ವದ ಮಾತನ್ನೇ ಎತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುವಂತಿತ್ತೇನೋ.

ಮನೆಯ ಸಬ್‌ವೂಫರ್ ಕಪಿಲನ ಅಪ್ಪ ಮಾಪಣ್ಣನ ಜೀವವಾಗಿತ್ತು. ಹಿಟ್ಟಿನ ಗಿರಣಿ ನಡೆಸಿ ನಡೆಸಿ ಮಾಪಣ್ಣನ ಕಿವಿ ಪೂರಾ ಹೋಗಿದ್ದವು. ಸಂಜೆ ಗಿರಣಿ ಮುಚ್ಚಿ ಬಂದು ಹೋಂ ಥಿಯೇಟರ್ ಹಚ್ಚಿಸಿ, ಆ ಕರಿ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ಹಾಡು ಕೇಳುತ್ತಿದ್ದ. ಗಿರಣಿಯಿಂದ ಇಳಿಯುವ ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿಯೇ ಸಣ್ಣದೋ ದಪ್ಪದೋ ಹೇಳುತ್ತಿದ್ದ ಮನುಷ್ಯ, ಅವನಿಗೆ ಎಲ್ಲವೂ ಕೈಗೇ ತಿಳಿಯಬೇಕು. ಅವನು ತೀರಿಕೊಂಡಾಗ ಸೊಸೆ ತ್ರಿವೇಣಿ ತುಂಬು ಬಸುರಿ. ಮೊಮ್ಮಗುವನ್ನು ಎತ್ತಿಕೊಳ್ಳುವ ಆಸೆ ಹಾಗೇ ಉಳಿದುಹೋಯಿತು.

ಮಣ್ಣು ಮಾಡಿ ಬಂದ ವಾರದಲ್ಲೇ ಡಬ್ಬಿ ತನ್ನಷ್ಟಕ್ಕೆ ಗುಂಯ್‌ಗುಡತೊಡಗಿತು. ಹೆರಿಗೆಗೆಂದು ಕುಸನೂರಿನ ತವರಿಗೆ ಹೋದ ತ್ರಿವೇಣಿ, ಆ ಸಪ್ಪಳ ನಿಲ್ಲುವ ತನಕ ಕೂಸನ್ನು ಕರಕೊಂಡು ಬರುವುದಿಲ್ಲ ಎಂದು ಹಟ ಹಿಡಿದಿದ್ದಳು. ಇತ್ತ ತಾಯಿ ತುಳಜಾಬಾಯಿ, ಡಬ್ಬಿ ಹೊರಗೆ ಹೋದರೆ ತಾನೂ ಹೋಗುತ್ತೇನೆ ಎನ್ನುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಅದರ ಸ್ವಿಚ್ಚು ಹಾಕುವವಳೂ ಅವಳೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಕಪಿಲನಿಗೆ ಹೊಸ ಕೇಬಲ್ ಬಿಟ್ಟು ಬೇರೆ ದಾರಿ ಇರಲಿಲ್ಲ.

ಅವನ ಕೈ ಮೊದಲು ಹೋದದ್ದು ಫಳಫಳ ಹೊಳೆಯುವ ಬಂಗಾರದ ಬಣ್ಣದ ಪಿನ್ನಿನ ಕೇಬಲಿಗೆ. ಝಹೀರ್ ಅದನ್ನು ಕಸಿದು ಪಕ್ಕಕ್ಕಿಟ್ಟ. ಬಂಗಾರ ಕಂಡು ಮರುಳಾಗಬೇಡಿ, ಹೊರಗಿನ ದನಿ ತಡೆಯುವುದು ಒಳಗಿನ ಜಾಲರಿ ಎನ್ನುತ್ತ, ಎರಡು ಪದರದ ಜಾಲರಿ ಇದ್ದ ದಪ್ಪನೆಯ ಕರಿ ಕೇಬಲನ್ನು ಕೊಟ್ಟ. ಜೋಡಿಸುವ ಮುಂಚೆ ತಾನು ಮಾಡಿದಂತೆ ಬೆರಳು ತಾಗಿಸಿ ನೋಡಿ, ಬಿಟ್ಟ ಮೇಲೂ ಗುಂಯ್ ಅಂದರೆ ವಾಪಸ್ ತನ್ನಿ ಎಂದ. ಕಪಿಲನಿಗೆ ಹೋದ ಜೀವ ಬಂದಂತಾಗಿ, ಅಂಗಡಿಯಿಂದ ನೆಟ್ಟಗೆ ಕುಸನೂರಿಗೆ ಹೋಗಿ ಹೆಂಡತಿ ಮಗುವನ್ನು ಹೊರಡಿಸಿಯೇಬಿಟ್ಟ.

ಕಮಲಾಪುರದಲ್ಲಿ ಬಸ್ಸಿಳಿದು ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ತುಳಜಾಬಾಯಿ ಕೂಸಿಗೆ ನಿವಾಳಿಸಲು ರೊಟ್ಟಿ ತುಣುಕು, ತಂಬಿಗೆ ನೀರು ಹಿಡಿದು ನಿಂತಿದ್ದಳು. ತ್ರಿವೇಣಿ ಹೊಸ್ತಿಲ ಆಚೆಯೇ ನಿಂತಳು.

"ಮೊದಲ ಅದನ್ನ ಜೋಡಸ್ರಿ," ಎಂದಳು ಗಂಡನಿಗೆ. "ಸುಮ್ಮನಾದ್ರೇ ಕೂಸಿನ್ನ ಒಳಗ ತರ್ತೀನಿ."

ಕಪಿಲ ಹೊಸ ಕೇಬಲಿನ ಒಂದು ತುದಿಯನ್ನು ಡಬ್ಬಿಗೆ ಸಿಕ್ಕಿಸಿ, ಸ್ವಿಚ್ಚು ಹಾಕಿ, ಇನ್ನೊಂದು ತುದಿಯ ಪಿನ್ನಿಗೆ ಬೆರಳು ತಾಗಿಸಿದ. ಗುಂಯ್. ತ್ರಿವೇಣಿ ಮಗುವನ್ನು ಎದೆಗೆ ಒತ್ತಿಕೊಂಡಳು. ನಾನೇ ಮುಟ್ಟಿದ್ದು ಎಂದು ಬೆರಳು ಎತ್ತಿ ತೋರಿಸಿದ. ಡಬ್ಬಿ ತಣ್ಣಗಾಯಿತು. ಸ್ವಲ್ಪ ಹೊತ್ತು ಕಾದರು, ಏನೂ ಇಲ್ಲ. ಕಪಿಲ ಪಿನ್ನನ್ನು ಚಾಪೆಯ ಮೇಲೆ ಬಿಟ್ಟು ಎದ್ದ. ತುಳಜಾಬಾಯಿಗೆ ಮಾತ್ರ ಗಂಡ ಎರಡನೇ ಸಲ ಸತ್ತಂತಾಯಿತು. ಕಣ್ಣೊರೆಸಿಕೊಂಡು ರೊಟ್ಟಿ ನಿವಾಳಿಸಿ ಹೊರಗೆಸೆದಳು, ಸೊಸೆಯ ಕಾಲಿಗೆ ನೀರು ಹಾಕಿ ಒಳಗೆ ಕರೆದಳು. ತ್ರಿವೇಣಿ ಬಲಗಾಲು ಒಳಗಿಟ್ಟಳು.

ಗುಂಯ್.

ಕಪಿಲ ತನ್ನ ಎರಡೂ ಕೈ ನೋಡಿಕೊಂಡ. ಖಾಲಿ ಇದ್ದವು. ಪಿನ್ನು ಚಾಪೆಯ ಮೇಲೆ ಒಂಟಿಯಾಗಿ ಬಿದ್ದಿತ್ತು. ಅವನು ಗೋಡೆಯ ತನಕ ಹಿಂದೆ ಸರಿದರೂ ದನಿ ನಿಲ್ಲಲಿಲ್ಲ. ಜೀವ ಇದ್ದ ಮೈ ಎಂದಿದ್ದನಲ್ಲ ಝಹೀರ್? ತ್ರಿವೇಣಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಹಾಗೇ ನಿಂತಿದ್ದಳು. ತುಳಜಾಬಾಯಿ ಒಬ್ಬಳೇ ಅಂಜಲಿಲ್ಲ. ಉಣ್ಣಲು ಕರೆಯುವಷ್ಟೇ ಸಹಜವಾಗಿ ಮಗನಿಗೆ ಹೇಳಿದಳು:

"ನಿಮ್ಮಪ್ಪಗ ಕೇಳ್ಸಂಗಿಲ್ಲಲ್ಲಪಾ. ಬಂದೋರು ಯಾರಂತ ಮುಟ್ಟೇ ನೋಡಬೇಕು."

ಯಾರೋ ಪಿನ್ನು ಬಿಟ್ಟಂತೆ ದನಿ ನಿಂತಿತು. ತ್ರಿವೇಣಿಯ ಹೆಗಲ ಮೇಲೆ ಮಲಗಿದ್ದ ಕೂಸಿನ ಕಿವಿಹಾಲೆ, ಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದಂತೆ, ಮೆಲ್ಲಗೆ ಮಡಚಿಕೊಂಡಿತು, ಬಿಚ್ಚಿಕೊಂಡಿತು. ಕೂಸು ನಿದ್ದೆಯಲ್ಲೇ ನಕ್ಕಿತು.