ಬೆಚ್ಚಗಿನ ಕೋಣೆ

ಕುಲ್ಸುಮ್ ಬೀ ಬಾಗಿಲು ತಳ್ಳಿದೊಡನೆ ಬಿಸಿ ಹಬೆ ಮುಖಕ್ಕೆ ರಾಚಿತು. ಒಳಗೆ ಅವಳ ಗಂಡ ಗುಲಾಮ್ ರಸೂಲ್ ಕೆಂಡದ ಸಿಗಡಿಯ ಪಕ್ಕ ಗೋಡೆಗೊರಗಿದ್ದ. ಕೂಗಿದರೂ ಕಣ್ಣು ತೆರೆಯಲಿಲ್ಲ. ಕಲ್ಯಾಣಿ ಊರಿನ ಚಳಿಗೆ ಜಾಗೀರದಾರರ ಮುದ್ದಿನ ಆಮೆ ಸೆಟೆದುಕೊಳ್ಳಬಾರದೆಂದು ಅವನು ಕಿಟಕಿಯ ಸಂದುಗಳಿಗೆ ತೊಯ್ದ ಗೋಣಿತಟ್ಟು ತುರುಕಿ, ಕೆಂಡದ ಮೇಲೆ ನೀರಿನ ಪಾತ್ರೆಯಿಟ್ಟು ಕಾವಲು ಕೂತಿದ್ದ. ಇದ್ದಿಲ ಹೊಗೆ ಹೊರಹೋಗಲು ದಾರಿಯೇ ಇರಲಿಲ್ಲ.

ಅವಳು ತಟ್ಟುಗಳನ್ನು ಕಿತ್ತೆಸೆದು, ಗಂಡನ ಕಂಕುಳಿಗೆ ಕೈಹಾಕಿ ಹೊಸ್ತಿಲವರೆಗೆ ಎಳೆದಳು. ಸದ್ದು ಕೇಳಿ ಬಂದ ಕಾರಭಾರಿ ವೈಜಿನಾಥ ಬಾಗಿಲು ಹಿಡಿದು ನಿಂತ.

“ಲಗೂನ ಹೊರಗ ಎಳಿ, ಬಾಗ್ಲಾ ಮುಚ್ಚಬೇಕು. ಆಮಿಗೆ ಥಂಡಿ ಬಡದ್ರ ಸಾಹೇಬ್ರು ನನ್ನ ಬಿಡಂಗಿಲ್ಲ.”

“ನನ್ನ ಕೈಲೆ ಆಗವಲ್ದ್ರಿ. ಕಾಲು ಹಿಡೀರಿ.”

ಅವನು ಬಾಗಿಲು ಬಿಡಲಿಲ್ಲ. ಕುಲ್ಸುಮ್ ಬೀ ಒಳಗೆ ಹೋಗಿ ಆಮೆಯನ್ನೆತ್ತಿ ತಂದು, ಅವನು ಹೊದ್ದಿದ್ದ ಉಣ್ಣೆಯ ಶಾಲಿನೊಳಗೆ, ಎದೆಗೇ ಒತ್ತಿಟ್ಟಳು.

“ಇದನ್ನ ನೀವು ಬೆಚ್ಚಗ ಇಡ್ರಿ, ಕಾರಭಾರಿ ಸಾಹೇಬ್ರ. ಇವರನ್ನ ನಾ ನೋಡ್ಕೋತೀನಿ.”

ಆಮೆ ಜಾರದಂತೆ ಹಿಡಿಯಲು ಅವನಿಗೆ ಎರಡೂ ಕೈ ಬೇಕಾದವು. ತೆರೆದ ಬಾಗಿಲಿನಿಂದ ತಣ್ಣನೆಯ ಗಾಳಿ ನುಗ್ಗಿತು. ಅವಳು ಗಂಡನ ಎದೆ ತಿಕ್ಕಿದಳು, ಕೆನ್ನೆ ತಟ್ಟಿದಳು, ಹೆಸರು ಹೇಳಬಾರದೆಂಬುದನ್ನೂ ಮರೆತು ಹೆಸರು ಹಿಡಿದು ಕರೆದಳು. ಎಷ್ಟೋ ಹೊತ್ತಿಗೆ ಗುಲಾಮ್ ರಸೂಲ್ ಕೆಮ್ಮಿದ.

“ಆಮಿಗೆ ಗಾಳಿ ಬಡಿತದ,” ಎಂದು ತೊದಲಿ ಏಳಲು ಹೆಣಗಿದ.

ವೈಜಿನಾಥ ಶಾಲನ್ನು ಬಿಗಿಯಾಗಿ ಸುತ್ತಿಕೊಂಡು ಅವನ ಪಕ್ಕ ನೆಲದ ಮೇಲೇ ಕುಳಿತ.

“ಅದು ನನ್ನ ಬಲ್ಲಿ ಅದ. ನೀ ಮೊದಲ ಉಸುರು ತಗೋ, ರಸೂಲ್.”