ನೆಟ್ಟಗೆ ಹೋದರೆ ಮೂರೇ ಕಿಲೋಮೀಟರು

ಮದುವೆ ದಲ್ಲಾಳಿ ಶ್ರೀರಾಮಪ್ಪನ ಮೊಪೆಡ್ಡಿನ ಮೀಟರು ನಿಂತು ಹನ್ನೊಂದು ವರ್ಷವಾಗಿತ್ತು. ಹಾಗಾಗಿ ಅವನು ತರುವ ಗಂಡುಗಳೆಲ್ಲ ಪಕ್ಕದ ಊರಿನವರೇ. ಕ್ಯಾಸಂಬಳ್ಳಿ ಕಡೆಯ ನಾಗೇಶನ ಫೋಟೋವನ್ನೂ "ಇಲ್ಲೇ ಅಕ್ಕ, ಮೂರೇ ಕಿಲೋಮೀಟ್ರು" ಅಂತಲೇ ತಂದಿದ್ದ. ಹುಡುಗಿಯ ತಾಯಿ ಮುನಿನಾರಾಯಣಮ್ಮ ತನ್ನ ತಮ್ಮನ ಕೈಲಿ ಬೈಕು ಓಡಿಸಿ ಅಳೆಸಿದಳು. ಹದಿನಾಲ್ಕು ಬಂತು.

"ಅದಿನಾಲ್ಕಾದ್ರೆ ಈ ಸಂಬಂಧ ಬ್ಯಾಡ," ಎಂದಳು. "ಬೆಳಿಗ್ಗೆ ಡೇರಿಗೆ ಆಲು ಆಕಿ ಒಂಟ್ರೆ, ಮಗಳ್ನ ನೋಡ್ಕಂಡು, ಸಾಯಂತ್ರ ಆಲು ಕರಿಯೋ ಒತ್ಗೆ ನಡ್ಕಂಡೇ ವಾಪಸ್ ಬರ್ಬೇಕು. ಅಷ್ಟು ದೂರಕ್ಕೇ ನಾನು ಎಣ್ಣು ಕೊಡೋದು."

ನಡೆದೇ ಯಾಕೆಂದರೆ ಅವಳಿಗೆ ಬಸ್ಸು ಆಗುತ್ತಿರಲಿಲ್ಲ. ಒಮ್ಮೆ ಬಂಗಾರಪೇಟೆ ಬಸ್ಸಿನಲ್ಲಿ ಕಂಡಕ್ಟರನ ಚೀಲದೊಳಕ್ಕೇ ವಾಂತಿ ಮಾಡಿಕೊಂಡಿದ್ದಳು. ಅಂದಿನಿಂದ ಆ ಕಂಡಕ್ಟರು ರಸ್ತೆ ಬದಿ ಅವಳನ್ನು ಕಂಡರೆ ಬಸ್ಸು ನಿಲ್ಲುವ ಮೊದಲೇ ರೈಟ್ ರೈಟ್ ಅನ್ನುತ್ತಿದ್ದ.

ಮಗಳು ಅರ್ಚನ ಕೆಜಿಎಫ್‌ನಲ್ಲಿ ಒಂಬತ್ತನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವವಳು. ಅವಳಿಗೆ ನಾಗೇಶ ಫೋಟೋದಲ್ಲೂ ಹಿಡಿಸಿದ್ದ, ನಾಲ್ಕು ಸಲ ಫೋನಿನಲ್ಲೂ ಹಿಡಿಸಿದ್ದ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ರಂಗೋಲಿ ಪುಡಿ ತಂದು ನೆಲದ ಮೇಲೆ ಎರಡು ಚುಕ್ಕಿ ಇಟ್ಟಳು. ನಡುವೆ ಕೆರೆ ಬರೆದಳು, ಕೆರೆ ಸುತ್ತ ರಸ್ತೆ ಎಳೆದಳು.

"ಅಮ್ಮ, ಇದು ನಮ್ಮನೆ, ಇದು ಅವರ ಮನೆ. ರೋಡಲ್ಲಿ ಸುತ್ಕೊಂಡು ಹೋದ್ರೆ ಹದಿನಾಲ್ಕು, ಅದು ದೂರ. ಇಲ್ಲಿಂದ ಅಲ್ಲಿಗೆ ನೆಟ್ಟಗೆ ಗೆರೆ ಎಳೆದ್ರೆ ಮೂರು, ಅದು ಸ್ಥಾನಪಲ್ಲಟ. ಶ್ರೀರಾಮಪ್ಪಣ್ಣ ಹೇಳಿದ್ದು ಸ್ಥಾನಪಲ್ಲಟನ."

"ಅದನ್ನೇ ಅಲ್ವಾ ನಾನು ಬಡ್ಕಂತಿರೋದು," ಎಂದ ಶ್ರೀರಾಮಪ್ಪ, ಆ ಪದವನ್ನು ಮೊದಲ ಸಲ ಕೇಳುತ್ತ.

"ಮಧ್ಯದಾಗೆ ಕೆರೆ ಐತಲ್ಲೇ?"

"ಸ್ಥಾನಪಲ್ಲಟಕ್ಕೆ ಕೆರೆ ಲೆಕ್ಕಕ್ಕಿಲ್ಲಮ್ಮ. ಎಲ್ಲಿಂದ ಹೊರಟ್ವಿ, ಎಲ್ಲಿಗೆ ಸೇರಿದ್ವಿ, ಯಾವ ದಿಕ್ಕಿಗೆ, ಅಷ್ಟೇ."

"ಯಾವ ದಿಕ್ಕು?"

"ಅಗೋ, ಆ ಮೊಬೈಲ್ ಟವರ್ ಕಾಣುತ್ತಲ್ಲ, ಅವರ ಮನೆ ಪಕ್ಕದ್ದೇ ಅದು."

ಮುನಿನಾರಾಯಣಮ್ಮ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಮರುದಿನ ಭಾನುವಾರ, ಡೇರಿಗೆ ಹಾಲು ಹಾಕಲು ಹೋದವಳು ಮನೆಗೆ ಬರಲಿಲ್ಲ. ಹನ್ನೊಂದು ಗಂಟೆಗೆ ಶ್ರೀರಾಮಪ್ಪ ಸುದ್ದಿ ತಂದ. ಟವರಿನ ಮೇಲೆ ಕಣ್ಣು ನೆಟ್ಟುಕೊಂಡು ಯಾರದೋ ಟೊಮೆಟೊ ತೋಟದ ನಡುವೆ ನುಗ್ಗಿದಳಂತೆ. ಹುಲ್ಲಿನ ಬಣವೆ ಅಡ್ಡ ಬಂದಾಗ ಅದನ್ನು ಈ ಕಡೆಯಿಂದ ಹತ್ತಿ ಆ ಕಡೆಗೆ ಇಳಿದಳಂತೆ. ಪಕ್ಕದಲ್ಲಿ ಬಳಸಿಕೊಂಡು ಹೋಗಮ್ಮ ಎಂದವರಿಗೆ, "ಬಳಸಿದ್ರೆ ಅದು ದೂರ ಆಗೋಗ್ತದೆ" ಎಂದು ಹೇಳಿ ಕೆರೆಗೆ ಇಳಿದಳಂತೆ. ಕೆರೆಯಲ್ಲಿ ಈಗ ನೀರು ಕಮ್ಮಿ, ಕೆಸರು ಮೊಣಕಾಲುದ್ದ.

ಅರ್ಚನ ತಲೆ ಮೇಲೆ ಕೈಹೊತ್ತು ಕೂತಳು. ಆ ವೇಷದಲ್ಲಿ ಅಮ್ಮ ಬೀಗರ ಬಾಗಿಲಲ್ಲಿ ನಿಂತರೆ ಸಂಬಂಧ ಅಲ್ಲಿಗೆ ಮುಗಿದಂತೆಯೇ. ನಾಗೇಶನಿಗೆ ಫೋನು ಮಾಡಿದಳು, ಎತ್ತಲಿಲ್ಲ.

ಮೂರು ಗಂಟೆಗೆ ಮುನಿನಾರಾಯಣಮ್ಮ ಬಂದಳು. ವಾಪಸೂ ನೆಟ್ಟಗೇ ಬಂದಿದ್ದಳು. ಕಾಲು ತುಂಬ ಕೆಸರು, ತಲೆ ತುಂಬ ಹುಲ್ಲು.

"ಅವರ ಮನೆ ಬಾಗಿಲಿಗೆ ಹೋಗಿದ್ಯಾ?"

"ಬಾಗ್ಲು ಎಲ್ಲಿ ಬಂತು? ನೆಟ್ಟಗೋದ್ರೆ ಮನೆ ಇಂದ್ಗಡೆ ಇತ್ಲು ಬತ್ತದೆ." ಒಂದು ಚೊಂಬು ನೀರು ಕುಡಿದಳು. "ನಿನ್ ಫೋಟೋದೋನು ಕುಕ್ಕರುಗಾಲಲ್ಲಿ ಕೂತ್ಕಂಡು ಮುದ್ದೆ ತಪ್ಲೆ ತಿಕ್ತಾವ್ನೆ. ಅವ್ರಮ್ಮ ಕಲ್ಲಿನ ಮ್ಯಾಲೆ ಕೂತು, ತಳ ಇಡ್ದಿರೋದು ಇನ್ನೂ ಓಗಿಲ್ಲ ಕಣ್ಲಾ ಅಂತಾವ್ಳೆ. ನಾನ್ಯಾರೂಂತ ಅವನ್ಗೇನು ಗೊತ್ತು? ತಪ್ಲೆ ಬಿಟ್ಟು ಎದ್ದು ಬಂದು, ನಿಲ್ಲಮ್ಮ ಅಂತ ಕಾಲಿಗೆ ಎರಡು ಬಿಂದಿಗೆ ನೀರು ಉಯ್ದ."

ಶ್ರೀರಾಮಪ್ಪ ಸಮಯ ನೋಡಿ ಕೇಳಿದ: "ಅಂಗಾದ್ರೆ ಒಪ್ಪಿಗೆನಾ ಅಕ್ಕ?"

"ಒಪ್ಪಿಗೆ ಏನು ಬಂತು, ಅವ್ರಮ್ಮನತ್ರ ಮಾತೂ ಮುಗಿಸ್ಕಂಡೇ ಬಂದೆ."

"ಏನಂತ ಮಾತಾಡಿದೆ?" ಎಂದಳು ಅರ್ಚನ.

ಮುನಿನಾರಾಯಣಮ್ಮ ತಲೆಯಿಂದ ಒಂದು ಹುಲ್ಲು ಕಿತ್ತು ಹಸುವಿನ ಬಾಯಿಗೆ ಕೊಟ್ಟಳು.

"ಮಗಳು ರೋಡಾಗೆ ಬತ್ತಾಳೆ, ಮುಂದ್ಲು ಬಾಗ್ಲಿಗೆ ತೋರಣ ಕಟ್ಕಳಿ ಅಂದೆ. ನಾನು ಬರೋದು ಇಂಗೇ, ಯಾವತ್ತು ಬತ್ತೀನೋ ಯೋಳಕ್ಕಾಗಲ್ಲ. ಇತ್ಲು ಬಾಗ್ಲಿಗೆ ಮಾತ್ರ ಚಿಲ್ಕ ಆಕ್ಬ್ಯಾಡಿ ಅಂದೆ."