ಮಿಕ್ಕಿದ ಊಟಕ್ಕೆ ಮೂವರು

ದೊಡ್ಡಕ್ಕ ಮೊದಲ ಬಟ್ಟಲು ಸೂಪನ್ನು ಗಂಡನ ಮುಂದಿಟ್ಟಳು, ಎರಡನೆಯದನ್ನು ಗುಬ್ಬಿಯ ಮುಂದೆ. ತನಗೆ ಬಡಿಸಿಕೊಳ್ಳಲಿಲ್ಲ. ಸೌಟನ್ನು ಕೈಯಲ್ಲೇ ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಂತಳು.

ಹಬ್ಬ ಮುಗಿದು ಎರಡು ದಿನವಾಗಿತ್ತು. ನೆಂಟರೆಲ್ಲ ಹೊರಟುಹೋಗಿದ್ದರು. ಫ್ರಿಜ್ಜಿನ ಬಾಗಿಲು ಮಾತ್ರ ಮುಚ್ಚಲು ಬರುತ್ತಿರಲಿಲ್ಲ. ಮಿಕ್ಕಿದ್ದನ್ನೆಲ್ಲ ಖಾಲಿ ಮಾಡೋಣ, ಮಧ್ಯಾಹ್ನ ಮನೆಬಟ್ಟೆಯಲ್ಲೇ ಬನ್ನಿ ಎಂದು ಅವಳು ಇಬ್ಬರನ್ನೇ ಕರೆದಿದ್ದಳು. ಒಬ್ಬಳು ಗುಬ್ಬಿ. ಆಸ್ಪತ್ರೆಯ ಅಡುಗೆಮನೆಯಲ್ಲಿ ಹತ್ತು ವರ್ಷದಿಂದ ದೊಡ್ಡಕ್ಕನ ಬಲಗೈ. ಇನ್ನೊಬ್ಬಳು ಪಕ್ಕದ ಬೀದಿಯ ಹೊಲಿಗೆಯವಳು, ಶಾಲೆಯ ದಿನಗಳ ಗೆಳತಿ. ಈ ಗೆಳತಿಯ ಬಾಯಿಗೆ ಬೀಗವಿಲ್ಲ. ಮದುವೆಯ ಫೋಟೋ ನೋಡಿ, ಗಂಡು ನಿದ್ದೆಗಣ್ಣಲ್ಲಿದ್ದಾನೆ ಎಂದು ದೊಡ್ಡಕ್ಕನ ಅತ್ತೆಯ ಎದುರಿಗೇ ಹೇಳಿದವಳು.

ಮೇಜಿನ ಮೇಲೆ ತಣ್ಣನೆಯ ಮಾಂಸ, ಹುರಿದ ಆಲೂಗಡ್ಡೆ, ಅರ್ಧ ಕೇಕು, ಒಂದಕ್ಕೊಂದು ಹೊಂದದ ತಟ್ಟೆಗಳು. ಎಲ್ಲ ಮೊನ್ನೆಯವೇ. ಸೂಪು ಮಾತ್ರ ಈ ಬೆಳಗಿನದು. ಉಳಿದ ಮೂಳೆ, ತರಕಾರಿ ಹಾಕಿ ಅವಳೊಬ್ಬಳೇ ಕುದಿಸಿದ್ದಳು. ಆ ಹೊತ್ತಿಗೆ ಗಂಡನನ್ನು ಬ್ರೆಡ್ಡಿನ ನೆಪದಲ್ಲಿ ಹೊರಗೆ ಕಳಿಸಿದ್ದಳು. ನಾನು ಬಡಿಸ್ತೀನಿ ಎಂದು ಗುಬ್ಬಿ ಎರಡು ಸಲ ಎದ್ದರೂ ಪಾತ್ರೆಯ ಹತ್ತಿರ ಸುಳಿಯಗೊಟ್ಟಿರಲಿಲ್ಲ.

ಇವರಿಬ್ಬರ ನಡುವೆ ಏನೋ ಇದೆ ಎಂಬುದು ಅವಳಿಗೆ ನಾಲ್ಕು ತಿಂಗಳಿಂದ ಮುಳ್ಳಿನಂತೆ ಚುಚ್ಚುತ್ತಿತ್ತು. ಆಗ ಅವಳು ಹತ್ತು ದಿನ ಜ್ವರದಲ್ಲಿ ಮಲಗಿದ್ದಳು. ಗುಬ್ಬಿ ದಿನಾ ಬಂದು ಮನೆ ನೋಡಿಕೊಂಡಳು. ಜ್ವರ ಬಿಟ್ಟಿತು, ದೊಡ್ಡಕ್ಕ ಕೆಲಸಕ್ಕೆ ಮರಳಿದಳು, ಫೋನುಗಳು ಶುರುವಾದವು. ಗಂಡ ಫೋನ್ ಹಿಡಿದು ಬಾಲ್ಕನಿಗೆ ಹೋಗುತ್ತಿದ್ದ, ಬಾಗಿಲು ಎಳೆದುಕೊಳ್ಳುತ್ತಿದ್ದ. ಯಾರು ಎಂದರೆ ವರ್ಕ್‌ಶಾಪಿನವರು ಎನ್ನುತ್ತಿದ್ದ. ಪರದೆಯ ಮೇಲೆ ಗುಬ್ಬಿಯ ಹೆಸರನ್ನು ಅವಳು ಮೂರು ಸಲ ಕಂಡಿದ್ದಳು.

ಆಸ್ಪತ್ರೆಯಲ್ಲೂ ಅಷ್ಟೆ. ಇಪ್ಪತ್ತೆರಡು ವರ್ಷ ಅವಳು ಆಳಿದ ಅಡುಗೆಮನೆ ಅದು. ಈಗ ಅಲ್ಲಿ ಗುಬ್ಬಿ ಅವಳನ್ನು ಏನಾದರೊಂದು ನೆಪ ಹೇಳಿ ಉಗ್ರಾಣಕ್ಕೆ ಅಟ್ಟುತ್ತಿದ್ದಳು. ಒಂದು ದಿನ ದೊಡ್ಡಕ್ಕ ಬೇಗ ತಿರುಗಿ ಬಂದಳು. ಗುಬ್ಬಿಯ ಒಂದು ಕೈಯಲ್ಲಿ ಉಪ್ಪಿನ ಡಬ್ಬಿಯಿತ್ತು, ಇನ್ನೊಂದರಿಂದ ಪಾತ್ರೆಯ ಮುಚ್ಚಳ ಜಾರಿ ಬಿತ್ತು, ಮುಖ ಸುಣ್ಣದಂತಾಯಿತು. ಕಣ್ಣಿಗೆ ಕಣ್ಣು ಕೊಡಲಾರದವರ ಮುಖ ಹೇಗಿರುತ್ತದೆ ಎಂದು ಆವತ್ತು ತಿಳಿಯಿತು.

ಗಂಡ ಒಂದು ಚಮಚ ಕುಡಿದ. ನುಂಗುವ ಮುಂಚೆ ಒಂದು ಕ್ಷಣ ತಡೆದ. ಗುಬ್ಬಿಯೂ ಕುಡಿದಳು. ಇಬ್ಬರ ಕಣ್ಣುಗಳೂ ಕೂಡಿದವು, ತಕ್ಷಣ ಬಟ್ಟಲಿಗೆ ಇಳಿದವು.

ಹೇಗಿದೆ ಎಂದು ದೊಡ್ಡಕ್ಕ ಕೇಳಿದಳು. ಚೆನ್ನಾಗಿದೆ ಎಂದ ಗಂಡ. ನಿಮ್ಮ ಕೈಯ ಸೂಪಿಗೆ ಸಾಟಿಯೇ ಇಲ್ಲ ಎಂದಳು ಗುಬ್ಬಿ.

ಕೊನೆಯ ಬಟ್ಟಲು ಗೆಳತಿಗೆ ಹೋಯಿತು. ಒಂದು ಗುಟುಕು ಕುಡಿದು ಅವಳು ಏನೋ ಹೇಳಲು ಬಾಯಿ ತೆರೆದಳು. ಆಗ ಗಂಡ ಅವಳತ್ತ ನೋಡಿದ. ತೆರೆದ ಬಾಯಿ ಹಾಗೇ ಮುಚ್ಚಿತು.

"ಚೆನ್ನಾಗಿದೆ ಕಣೇ," ಎಂದಳು ಗೆಳತಿ. "ಇನ್ನೊಂದು ಸೌಟು ಹಾಕು."

ಹಾಗಾದರೆ ಇವಳಿಗೂ ಗೊತ್ತು ಎಂದುಕೊಂಡಳು ದೊಡ್ಡಕ್ಕ. ಜಗತ್ತಿನಲ್ಲಿ ಅವಳಿಗೆ ಸುಳ್ಳು ಹೇಳದ ಒಬ್ಬಳೇ ಒಬ್ಬಳು ಕೂಡ ಈ ಕೂಟದಲ್ಲಿ ಸೇರಿಕೊಂಡಿದ್ದಾಳೆ. ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ಕುರ್ಚಿ ಎಳೆದು ಕೂತಳು.

"ಯಾವಾಗಿಂದ ನಡೀತಿದೆ ಇದು?"

ಗುಬ್ಬಿ ಅಳತೊಡಗಿದಳು.

"ನಿಮ್ಮನ್ನ ನೋಯಿಸಬಾರದು ಅಂತ ಅಕ್ಕಾ... ಮೊದಲ ದಿನಾನೇ ಹೇಳಬೇಕಿತ್ತು."

"ಅವಳದೇನೂ ತಪ್ಪಿಲ್ಲ," ಎಂದ ಗಂಡ ತಲೆ ಎತ್ತದೆ. "ನಾನೇ ಬೇಡ ಅಂದೆ. ನಾಲ್ಕು ತಿಂಗಳಾಯ್ತು."

"ಬೆನ್ನ ಹಿಂದೆ ಮಾಡೋ ಬದಲು ಮುಖ ನೋಡಿ ಹೇಳಬಹುದಿತ್ತು."

"ನೀನು ಹೇಳಿದ್ಯಾ?" ಎಂದಳು ಗೆಳತಿ ಮೆಲ್ಲಗೆ. "ನೀನಾದ್ರೂ ಬಾಯಿ ಬಿಟ್ಟು ಒಂದು ಮಾತು ಯಾರಿಗಾದ್ರೂ ಹೇಳಿದ್ಯಾ?"

ದೊಡ್ಡಕ್ಕನ ಸಿಟ್ಟು ಎಲ್ಲೋ ಜಾರಿಹೋಯಿತು. ಗಂಡ ತನ್ನ ಬಟ್ಟಲನ್ನು ಅವಳ ಕಡೆ ಸರಿಸಿದ. ಅವಳು ಒಂದು ಚಮಚ ಕುಡಿದಳು, ಇನ್ನೊಂದು ಕುಡಿದಳು.

ಇಬ್ಬರೂ ತನ್ನ ಮುಖ ನೋಡಿ ಸುಳ್ಳು ಹೇಳುತ್ತಾರೋ ಎಂದು ನೋಡಲು, ಬೆಳಗ್ಗೆ ಆ ಪಾತ್ರೆಗೆ ಅವಳು ಬೇಕೆಂದೇ ಒಂದು ಹರಳು ಉಪ್ಪೂ ಹಾಕಿರಲಿಲ್ಲ. ಜ್ವರ ಬಿಟ್ಟ ದಿನದಿಂದ ತನ್ನ ನಾಲಿಗೆಗೆ ಯಾವ ರುಚಿಯೂ ಹತ್ತುತ್ತಿಲ್ಲವೆಂಬುದು ತನಗೊಬ್ಬಳಿಗೇ ಗೊತ್ತೆಂದು ಅಲ್ಲಿಯವರೆಗೂ ನಂಬಿಕೊಂಡಿದ್ದಳು.